ಅನ್ನ ಬೇಯುವಷ್ಟು ಹೊತ್ತು

ಅಕ್ಕ ಬೆಳಗಿನ ಮೊದಲ ಬಸ್ಸಿಗೆ ಹೊರಡುವಾಗ ತನ್ನ ನೆರಳನ್ನು ನಡುಮನೆಯ ಗೋಡೆಗೆ ಬಿಟ್ಟು ಹೋಗುತ್ತಿದ್ದಳು. ಇದರಲ್ಲಿ ವಿಶೇಷವೇನೂ ಇಲ್ಲ, ನಮ್ಮೂರಿನಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಹೊರಡುವವರು ಗೋಡೆಗೆ ಬೆನ್ನು ಕೊಟ್ಟು ಒಂದು ಗಳಿಗೆ ನಿಂತು "ಬರ್ತೀನಿ" ಎನ್ನುತ್ತಾರೆ. ಅವರು ಹೋಗುತ್ತಾರೆ, ನೆರಳು ಉಳಿಯುತ್ತದೆ. ಸಂಜೆ ಬಂದು ಅದೇ ಜಾಗದಲ್ಲಿ ನಿಂತರೆ ಗೋಡೆಯಿಂದ ಇಳಿದು ಕಾಲಿಗೆ ಸೇರಿಕೊಳ್ಳುತ್ತದೆ. ವಾಪಸು ಬರುವ ಮನಸ್ಸು ಇರುವ ತನಕ, ಬರುವುದಕ್ಕೆ ಜೀವ ಇರುವ ತನಕ, ನೆರಳು ಅಲ್ಲೇ ಇರುತ್ತದೆ. ಹಾಗಾಗಿ ನಮ್ಮ ಪೇಟೆಬೀದಿಯಲ್ಲಿ ಉರಿಬಿಸಿಲಿನಲ್ಲೂ ಯಾರ ಕಾಲ ಬಳಿಯೂ ನೆರಳು ಕಾಣುವುದಿಲ್ಲ. ಕಂಡರೆ ಅವರು ಪರವೂರಿನವರು, ಇಲ್ಲವೇ ಮನೆಯಲ್ಲಿ ಯಾರೂ ಇಲ್ಲದವರು. ಕಾಯುವವರಿಲ್ಲದ ಮನೆಯ ಗೋಡೆಗೆ ನೆರಳು ಹತ್ತುವುದಿಲ್ಲ, ಎಷ್ಟು ಹೊತ್ತು ನಿಂತರೂ ಹಿಂದೆಯೇ ಬಂದುಬಿಡುತ್ತದೆ. ಸೊಪ್ಪು ಮಾರುವ ಸಾಕಮ್ಮನ ನೆರಳು ಅವಳ ಜೊತೆಯಲ್ಲೇ ಬಂದು ಬುಟ್ಟಿಯ ಪಕ್ಕ ಕೂತಿರುತ್ತಿತ್ತು. ಪಾಪ ಎಂದುಕೊಂಡು ಜನ ಅವಳ ಹತ್ತಿರ ಚೌಕಾಸಿ ಮಾಡುತ್ತಿರಲಿಲ್ಲ. ಅವಳಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. "ಚೌಕಾಸಿ ಮಾಡ್ರವ್ವಾ, ನಾನೇನ್ ಸತ್ತೋಗಿದೀನಾ?" ಎಂದು ರೇಗುತ್ತಿದ್ದಳು.

ಇನ್ನೊಂದು ಮಾತಿದೆ. ಗೋಡೆಯ ನೆರಳನ್ನು ದಿಟ್ಟಿಸಿ ನೋಡಬಾರದು. ನೋಡಿದಷ್ಟೂ ಅದು ಸವೆಯುತ್ತದೆ. ಸವೆದ ನೆರಳಿನವರಿಗೆ ಬಿಸಿಲಲ್ಲೂ ಚಳಿ, ಉಂಡರೂ ಸುಸ್ತು. ಅದಕ್ಕೇ ಎಲ್ಲರ ಮನೆಯಲ್ಲೂ ಆ ಗೋಡೆಗೊಂದು ಪರದೆ ಇರುತ್ತದೆ. ಬೆಳಗ್ಗೆ ಪರದೆ ಎಳೆದರೆ ಮುಗಿಯಿತು, ಆಮೇಲೆ ಅವರವರ ಕೆಲಸ ಅವರವರಿಗೆ. ಯಾರಿಗೂ ಸಂಜೆಯ ತನಕ ಅದರ ನೆನಪೂ ಇರುವುದಿಲ್ಲ. ನನಗೆ ಮಾತ್ರ ಅದೊಂದು ಬಿಟ್ಟು ಬೇರೆ ನೆನಪೇ ಇರುತ್ತಿರಲಿಲ್ಲ.

ನಾನು ಸೀರೆಗೆ ಕುಚ್ಚು ಹಾಕುವವಳು. ಮನೆಯಲ್ಲೇ ಕೂತು ಮಾಡುವ ಕೆಲಸ. ಮಡಿಲಲ್ಲಿ ಸೆರಗು, ಕೈಯಲ್ಲಿ ರೇಷ್ಮೆ ದಾರ, ಕಣ್ಣು ಗೋಡೆಯ ಮೇಲೆ. ಹೆಗಲಿಗೆ ಚೀಲ ಹಾಕಿಕೊಂಡು, ತುರುಬು ಬಿಗಿದು, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತ ಅಕ್ಕನ ನೆರಳು. ಅಕ್ಕ ಬಸ್ಸಿನ ಕಂಡಕ್ಟರು. ಡ್ಯೂಟಿಯಲ್ಲಿ ಫೋನು ಎತ್ತುವ ಹಾಗಿಲ್ಲ ಎಂದು ಗೊತ್ತಿದ್ದರೂ ನಾನು ಮಾಡುತ್ತಿದ್ದೆ. ಎತ್ತದಿದ್ದರೆ ಎದ್ದು ಹೋಗಿ ನೆರಳಿನ ಅಂಚು ಮುಟ್ಟಿ ನೋಡುತ್ತಿದ್ದೆ. ಇದೆ. ಕೂತುಕೊಳ್ಳುತ್ತಿದ್ದೆ. ಎರಡು ಗಂಟು ಹಾಕುವುದರೊಳಗೆ ಮತ್ತೆ ಅನುಮಾನ. ಕಣ್ಣೆದುರಿಗೆ ಇರುವುದನ್ನು ನಂಬಲಾರದವಳಿಗೆ ಏನು ಹೇಳುತ್ತೀರಿ?

ಅಮ್ಮ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಹೆರಿಗೆಗೆಂದು ಆಸ್ಪತ್ರೆಗೆ ಹೋದವಳು "ಬರ್ತೀನಿ" ಎಂದೇ ಹೋಗಿದ್ದಳು. ನಾನು ಚಿಕ್ಕವಳು, ಗೋಡೆಯ ಕೆಳಗೆ ಕೂತು ಕಡಲೆ ತಿನ್ನುತ್ತಿದ್ದೆ. ಪರದೆ ಗಾಳಿಗೆ ಸರಿಯಿತು. ನೋಡನೋಡುತ್ತಿದ್ದ ಹಾಗೆಯೇ ಅಮ್ಮನ ನೆರಳು ಮೇಲಿನಿಂದ ಅಳಿಸುತ್ತಾ ಬಂದು, ಕಾಲಿನ ಹೊತ್ತಿಗೆ ಇಲ್ಲವಾಯಿತು. ಅಡಿಗೆಮನೆಯಿಂದ ಓಡಿ ಬಂದ ಅಕ್ಕ ಹಿಟ್ಟಾಗಿದ್ದ ಕೈಯನ್ನೇ ನನ್ನ ಕಣ್ಣಿಗೆ ಮುಚ್ಚಿದಳು. ಅಷ್ಟರಲ್ಲಿ ನೋಡಬೇಕಾದದ್ದನ್ನೆಲ್ಲ ನೋಡಿಯಾಗಿತ್ತು. ಅಪ್ಪ ಅದಕ್ಕೂ ಮೊದಲೇ ಇರಲಿಲ್ಲ. ಅಂದಿನಿಂದ ನನಗೆ ಅಕ್ಕನೇ ಎಲ್ಲ.

ಎಲ್ಲ ಎಂದರೆ ಎಲ್ಲವೂ. ಬಸ್ಸು ಸರಿಯಾದ ಹೊತ್ತಿಗೆ ಬಂದರೆ ಅಕ್ಕ ದೇವತೆ. ಅವಳ ಕಾಲು ಒತ್ತಿ, ತಲೆಗೆ ಎಣ್ಣೆ ಹಚ್ಚಿ, ಇವಳಂಥವಳು ಲೋಕದಲ್ಲೇ ಇಲ್ಲ ಎಂದು ಅವಳೆದುರಿಗೇ ಹೇಳುತ್ತಿದ್ದೆ. ತಡವಾದರೆ ಅವಳೇ ರಾಕ್ಷಸಿ. "ನೀನು ಬೇಕೂಂತಲೇ ಹೀಗೆ ಮಾಡ್ತೀಯ, ನಾನು ಸತ್ರೆ ನಿಂಗೆ ನೆಮ್ಮದಿ" ಎಂದು ಕೂಗಾಡುತ್ತಿದ್ದೆ. ಆ ಗಳಿಗೆಯಲ್ಲಿ ಅದು ನಿಜವೆಂದೇ ಅನ್ನಿಸುತ್ತಿತ್ತು, ನಾಟಕವಲ್ಲ. ಮೈಮೇಲಿನ ಚರ್ಮವೇ ಇಲ್ಲದವಳ ಹಾಗೆ ಇದ್ದೆ ನಾನು, ಗಾಳಿ ಸೋಕಿದರೂ ಉರಿ. ಅದೂ ಕಳೆದ ಮೇಲೆ ಇನ್ನೊಂದು ಬರುತ್ತಿತ್ತು: ಒಳಗೆ ಯಾರೂ ಇಲ್ಲ, ಖಾಲಿ ಪಾತ್ರೆ. ಯಾರಾದರೂ ತಟ್ಟಿದರೆ ಸದ್ದು, ಇಲ್ಲದಿದ್ದರೆ ಅದೂ ಇಲ್ಲ. ಅಕ್ಕಪಕ್ಕದವರು ನನಗೆ ಕೇಳಿಸುವಂತೆಯೇ ಮಾತಾಡಿಕೊಳ್ಳುತ್ತಿದ್ದರು: "ನೋಡಿ ನೋಡೀನೇ ಅಕ್ಕನ್ನ ಸವೆಸಿ ಹಾಕ್ತಾಳೆ." ಅವರು ಹೇಳುವುದು ಸುಳ್ಳೂ ಆಗಿರಲಿಲ್ಲ. ಬೇಸಗೆಯಲ್ಲೂ ಅಕ್ಕ ಸ್ವೆಟರ್ ಹಾಕಿಕೊಂಡು ಟಿಕೆಟ್ ಕೊಡುತ್ತಿದ್ದಳು.

ಒಂದು ದಿನ ದಾರಿಯಲ್ಲಿ ಬಸ್ಸು ಕೆಟ್ಟು ನಿಂತು ಅಕ್ಕ ಬಹಳ ತಡವಾಗಿ ಬಂದಳು. ಅಷ್ಟರಲ್ಲಿ ನಾನು ನನ್ನ ಕೈಗೇ ಗಾಯ ಮಾಡಿಕೊಂಡಿದ್ದೆ. ಅಕ್ಕ ಬೈಯಲಿಲ್ಲ, ಅಳಲೂ ಇಲ್ಲ. ಔಷಧಿ ಹಚ್ಚಿ ಬಟ್ಟೆ ಕಟ್ಟಿದಳು, ಮಾರನೆಯ ದಿನ ರಜಾ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮನಸ್ಸಿನ ಕಾಯಿಲೆಗೆಂದು ವಾರಕ್ಕೊಮ್ಮೆ ಹೊರಗಿನಿಂದ ಬರುತ್ತಿದ್ದ ಡಾಕ್ಟರ್ ಮೆಹರುನ್ನೀಸಾ ಮೇಡಂ ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ಮೊದಲ ಸಲ ಕೇಳಿಸಿಕೊಂಡರು, ಮುಂದಿನ ಸಲವೂ ಕೇಳಿಸಿಕೊಂಡರು, ಆಮೇಲೆ ಹೆಸರು ಹೇಳಿದರು: ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ನನಗೆ ಗೊತ್ತಿದ್ದ ಬಾರ್ಡರ್ ಎಂದರೆ ಸೀರೆಯದು. ಹಾಗೆಂದೆ. ಅವರು ನಕ್ಕರು. ನನ್ನ ಕಾಯಿಲೆಯ ವಿಷಯದಲ್ಲಿ ಯಾರಾದರೂ ನನ್ನ ಜೊತೆ ನಕ್ಕದ್ದು ಅದೇ ಮೊದಲು.

ಅವರ ನೆರಳು ಮೇಜಿನ ಕೆಳಗೆ ಅವರ ಚಪ್ಪಲಿಯ ಪಕ್ಕದಲ್ಲೇ ಇತ್ತು. ನನಗೆ ಪಾಪ ಅನ್ನಿಸಿ, "ಮೇಡಂ, ನಿಮ್ಮನೇಲಿ ಯಾರೂ ಇಲ್ವಾ?" ಎಂದು ಕೇಳಿದೆ.

"ಇದಾರಮ್ಮ. ಯಜಮಾನ್ರು, ಇಬ್ರು ಮಕ್ಳು. ನಮ್ಮೂರ ಕಡೆ ನೆರಳು ಜೊತೇಲೇ ಬರುತ್ತೆ."

"ಮತ್ತೆ ನೀವು ವಾಪಸ್ ಬರ್ತೀರಿ ಅಂತ ಅವ್ರಿಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ," ಎಂದರು. "ನಂಬ್ಕೊಂಡಿರ್ತಾರೆ."

ಅಂಥ ಊರಲ್ಲಿ ಹುಟ್ಟಿದ್ದರೆ ನಾನು ಎಂದೋ ಸತ್ತಿರುತ್ತಿದ್ದೆ ಅಂದುಕೊಂಡೆ.

ಮೇಡಂ ಮಾತ್ರೆಗಿಂತ ಹೆಚ್ಚಾಗಿ ಕೆಲಸ ಕೊಟ್ಟರು. ಸ್ನಾನ ತಪ್ಪಿಸಬಾರದು, ಊಟ ತಪ್ಪಿಸಬಾರದು, ಹೊತ್ತಿಗೆ ಸರಿಯಾಗಿ ಮಲಗಬೇಕು. ಇಷ್ಟನ್ನು ಹೇಳಲು ಡಾಕ್ಟರು ಬೇಕೇ ಎಂದು ನಿಮಗನ್ನಿಸಬಹುದು. ಬದುಕೇ ಬೇಡವೆನ್ನಿಸಿದ ದಿನ ಒಂದು ಚೊಂಬು ನೀರನ್ನು ಮೈಮೇಲೆ ಸುರಿದುಕೊಳ್ಳುವುದು ಎಷ್ಟು ಭಾರ ಎಂದು ಸುರಿದುಕೊಂಡವರಿಗೇ ಗೊತ್ತು. ತಲೆ ಕೆಟ್ಟು ಹೋದಾಗ ಮುಖವನ್ನು ತಣ್ಣೀರಿನಲ್ಲಿ ಅದ್ದಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಏನು ಮಾಡಬೇಕು ಅನ್ನಿಸಿದರೂ, ಬೈಯಬೇಕು, ಫೋನ್ ಮಾಡಬೇಕು, ಪರದೆ ಸರಿಸಬೇಕು, ಕೈಗೆ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದರೂ, ಮೊದಲು ಅನ್ನಕ್ಕಿಡಬೇಕು. ಅನ್ನ ಬೇಯುವಷ್ಟು ಹೊತ್ತು ತಡೆಯಬೇಕು. "ಆಮೇಲೂ ಮಾಡ್ಬೇಕು ಅನ್ಸಿದ್ರೆ ನಂಗೊಂದು ಫೋನ್ ಮಾಡು. ಮಾಡ್ಬೇಡ ಅಂತ ನಾನು ಈಗ್ಲೇ ಹೇಳಲ್ಲ. ಅನ್ನ ಆಗ್ಲಿ ಅಂತೀನಿ, ಅಷ್ಟೆ."

ಆ ತಿಂಗಳು ನಮ್ಮ ಮನೆಯಲ್ಲಿ ಬೆಂದ ಅನ್ನಕ್ಕೆ ಲೆಕ್ಕವಿಲ್ಲ. ಅಕ್ಕಿ ತೊಳೆ, ನೀರಿಡು, ಒಲೆಯ ಮುಂದೆ ಹಲ್ಲು ಕಚ್ಚಿ ಕೂರು. ಕುದಿಯುವಾಗ ನಾನೂ ಕುದಿಯುತ್ತಿದ್ದೆ. ಗಂಜಿ ಬಸಿಯುವ ಹೊತ್ತಿಗೆ ಉರಿ ಪೂರ್ತಿ ಹೋಗಿರುತ್ತಿರಲಿಲ್ಲ, ಆದರೆ ಕೈ ನನ್ನ ಮಾತು ಕೇಳುವಷ್ಟಾಗಿರುತ್ತಿತ್ತು. ಅಕ್ಕ ಬಂದು ಪಾತ್ರೆಗಳ ಮುಚ್ಚಳ ತೆಗೆದು ನೋಡಿ, "ಇವತ್ತು ಮೂರು ಸಲ ಬಂತಾ?" ಎಂದು ಕೇಳುತ್ತಿದ್ದಳು. ರಾತ್ರಿ ಚಿತ್ರಾನ್ನ, ಬೆಳಗ್ಗೆ ಮೊಸರನ್ನ, ಅವಳ ಡಬ್ಬಿಗೆ ಪುಳಿಯೋಗರೆ. ಡಿಪೋದವರೆಲ್ಲ ನನ್ನ ಕಾಯಿಲೆಯನ್ನು ತಿಂದು ದಪ್ಪಗಾದರು ಎಂದು ಅಕ್ಕ ತಮಾಷೆ ಮಾಡಿದಳು.

ಗೋಡೆಗೆ ಹೊಸ ಪರದೆ ಮಾಡಿದೆ, ಅಮ್ಮನ ಹಳೇ ಸೀರೆಯದು. ಅದನ್ನು ಸರಿಸಬೇಕು ಅನ್ನಿಸಿದಾಗಲೆಲ್ಲ ಅದರ ಅಂಚಿಗೇ ಒಂದು ಕುಚ್ಚು ಕಟ್ಟುತ್ತಿದ್ದೆ. ಕೆಳಗಿನ ಅಂಚು ತುಂಬಿತು, ಪಕ್ಕದ್ದೂ ತುಂಬಿತು. ಯಾವ ಮದುಮಗಳ ಸೆರಗಿಗೂ ನಾನು ಅಷ್ಟು ಕುಚ್ಚು ಹಾಕಿದವಳಲ್ಲ. ಸೋತು ಸರಿಸಿ ನೋಡಿದ ದಿನಗಳೂ ಇದ್ದವು. ಆದರೂ ಒಂದು ಚಳಿಗಾಲ ಕಳೆಯುವ ಹೊತ್ತಿಗೆ ಅಕ್ಕನ ನೆರಳು ಹೊಸದಾಗಿ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಯಿತು. ಅವಳು ಸ್ವೆಟರನ್ನು ಟ್ರಂಕಿಗೆ ಹಾಕಿದಳು. ನಾನು ಒಳಗೇ ಹೆಮ್ಮೆಪಟ್ಟೆ, ಯಾರಿಗೂ ಹೇಳಲಿಲ್ಲ. ಹೇಳಿದರೆ ದೃಷ್ಟಿ ಆದೀತೆಂದು ಭಯ.

ಆ ಸಲದ ಬೇಸಗೆಯಲ್ಲಿ ಒಂದು ಬೆಳಗ್ಗೆ ಪರದೆ ಒಗೆಯಬೇಕೆಂದು ತೆಗೆದೆ. ನೋಡಬೇಕೆಂದು ತೆಗೆದದ್ದಲ್ಲ, ನಿಜವಾಗಿಯೂ ಒಗೆಯುವುದಿತ್ತು. ಅಕ್ಕನ ನೆರಳು ಬೀದಿಬಾಗಿಲ ಕಡೆಗೆ ತಿರುಗಿ ನಿಂತಿತ್ತು.

ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು ಅದರ ಅರ್ಥ. ಹೋದವರಿಗೆ ಹೊರಟುಹೋಗುವ ಯೋಚನೆ ಬಂದಿದೆ ಎಂದು. ನಾನು ಗೋಡೆಗೆ ಆತು ಹಾಗೆಯೇ ಕುಸಿದೆ. ಆಮೇಲೆ ಎದ್ದು ಅನ್ನಕ್ಕಿಟ್ಟೆ. ಅದು ಬೆಂದಿತು. ಇನ್ನೊಂದು ಪಾತ್ರೆಯಲ್ಲಿ ಇಟ್ಟೆ, ಅದೂ ಬೆಂದಿತು. ಸಂಜೆ ಅಕ್ಕ ಬಂದು ಚಪ್ಪಲಿ ಬಿಡುವಾಗ ಒಲೆಯ ಮೇಲೆ ಮತ್ತೊಂದಿತ್ತು.

"ಯಾರವನು?" ಎಂದೆ.

ಅಕ್ಕ ತೆರೆದಿದ್ದ ಗೋಡೆಯನ್ನು ನೋಡಿದಳು, ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. ಅವಳ ಬಸ್ಸು ಹೋಗಿ ನಿಲ್ಲುವ ಕೊನೆಯ ಊರಿನ ಡಿಪೋದಲ್ಲಿ ಮೆಕ್ಯಾನಿಕ್ ಅಂತೆ, ಗುರುಶಾಂತ ಎಂದು ಹೆಸರು. "ಬಹಳ ದಿನದಿಂದ ಕೇಳ್ತಿದಾರೆ. ನಾನೇ ಆಗಲ್ಲ ಅಂತಾ ಬಂದಿದೀನಿ. ಇವತ್ತೂ ಆಗಲ್ಲ ಅಂದೆ."

"ಯಾಕೆ ಆಗಲ್ಲ ಅಂದೆ? ನನ್ನಿಂದ ತಾನೇ? ಹೋಗು! ಈಗ್ಲೇ ಹೋಗು! ನಿನ್ನ ಮುಖ ನೋಡಕ್ಕೂ ನಂಗಿಷ್ಟ ಇಲ್ಲ!" ಅದೇ ಬಾಯಲ್ಲಿ, ಅದೇ ಉಸಿರಿನಲ್ಲಿ, "ಹೋಗ್ಬೇಡ ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅವಳ ಸೆರಗು ಹಿಡಿದುಕೊಂಡೆ. ಅಕ್ಕ ಸೆರಗು ಬಿಡಿಸಿಕೊಳ್ಳಲಿಲ್ಲ. ಗೋಡೆಗೊರಗಿ ಕೂತು ಅಳತೊಡಗಿದಳು. ಅಮ್ಮ ಹೋದಾಗ ಅಳದವಳು, ನನ್ನ ಕೈ ನೋಡಿದಾಗ ಅಳದವಳು.

"ನಂಗೂ ಸುಸ್ತಾಗಿದೆ ಕಣೇ ನೀಲಾ," ಎಂದಳು. "ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ತುಂಬಾ ಸುಸ್ತಾಗಿದೆ."

ಆ ಮಾತು ನನ್ನನ್ನು ಸುಟ್ಟುಬಿಟ್ಟಿತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಕೆಟ್ಟಿನ ನೀರಿನಲ್ಲಿ ಮುಖ ಅದ್ದಿದೆ. ಎತ್ತಿದೆ, ಮತ್ತೆ ಅದ್ದಿದೆ. ಹಂಡೆಯ ಪಕ್ಕ ಒದ್ದೆ ನೆಲದಲ್ಲಿ ಕೂತು ಅನ್ನ ಕುದಿಯುವ ಸದ್ದು ಕೇಳುತ್ತಿದ್ದೆ. ಅಕ್ಕ ನನ್ನನ್ನು ಬಿಟ್ಟು ಹೋಗುತ್ತಿದ್ದಾಳೆ. ಅಕ್ಕನಿಗೆ ನನ್ನ ಮೇಲೆ ಪ್ರೀತಿಯಿದೆ. ಇವೆರಡೂ ಒಂದೇ ತಲೆಯಲ್ಲಿ ಒಟ್ಟಿಗೆ ಇರುವುದು ಸಾಧ್ಯವೆಂದು ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ. ಸೀದ ವಾಸನೆ ಬಂದಾಗ ಎದ್ದು ಹೊರಗೆ ಬಂದೆ.

"ಅನ್ನ ಆಗಿದೆ, ಊಟ ಮಾಡು. ಆಮೇಲೆ ಹೇಳ್ತೀನಿ," ಎಂದೆ. ಇಬ್ಬರೂ ಸೀದ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡೆವು. ಕೈ ತೊಳೆದು ಬಂದು "ಹೋಗು ಅಕ್ಕ" ಎಂದೆ. ಮನಸಾರೆ ಹೇಳಿದೆನೆಂದರೆ ಸುಳ್ಳಾಗುತ್ತದೆ. ಹೊಟ್ಟೆ ತುಂಬಿತ್ತು, ಅದರ ಬಲದಿಂದ ಹೇಳಿದೆ.

ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾಯಿತು. ಗುರುಶಾಂತ ಭಾವ ಒಳ್ಳೆಯವರು, ಮಾತು ಕಡಿಮೆ. ಬೈಯುವುದಕ್ಕೆ ಏನಾದರೂ ಸಿಕ್ಕೀತೇ ಎಂದು ಹುಡುಕಿ ಹುಡುಕಿ ಸೋತೆ. ಅಕ್ಕ ಹೊರಡುವ ದಿನ ಬಂತು. ಬೆಳಗ್ಗೆ ಹೊರಗೆ ಹೋಗಿ ಬಂದವಳು ನೆರಳನ್ನು ಇನ್ನೂ ಗೋಡೆಯಿಂದ ಇಳಿಸಿಕೊಂಡಿರಲಿಲ್ಲ. ಪೂರ್ತಿಯಾಗಿ ಊರು ಬಿಡುವವರು ಗೋಡೆಗೆ ಬೆನ್ನು ಕೊಟ್ಟು ನಿಂತು ನೆರಳನ್ನು ಇಳಿಸಿಕೊಂಡು ಹೋಗಬೇಕು. ನಮ್ಮೂರವರ ನೆರಳು ಯಾವ ಊರಿನಲ್ಲಾದರೂ ಕಾಯುವವರಿದ್ದರೆ ಹತ್ತುತ್ತದೆ, ಹೋದ ಮನೆಯ ಗೋಡೆಗೆ ಅದು ಬೇಕಲ್ಲ. ಭಾವ ಟ್ರಂಕನ್ನು ಆಟೋಗೆ ಇಡುತ್ತಿದ್ದರು. ಅಕ್ಕ ನನ್ನನ್ನು ಒಳಗೆ ಕರೆದು, ಪರದೆಯನ್ನು ಎಳೆದು ಮುಚ್ಚಿಯೇ ಹೇಳಿದಳು: "ನೀಲಾ, ನಾನು ಇದನ್ನ ಇಲ್ಲೇ ಬಿಟ್ಟು ಹೋಗ್ತೀನಿ. ಅವ್ರಿಗೆ ಹೇಳಿದೀನಿ, ಒಪ್ಕೊಂಡಿದಾರೆ. ನಿನ್ನ ಹತ್ರಾನೇ ಇರ್ಲಿ."

ನನಗೆ ಅದು ಬೇಕಿತ್ತು. ಈ ಜನ್ಮದಲ್ಲಿ ಬೇರೆ ಯಾವುದೂ ಅಷ್ಟು ಬೇಕಾಗಿರಲಿಲ್ಲ. ಪರದೆಯ ಹಿಂದೆ ಅಕ್ಕ ಕೊನೆಯ ತನಕ ಇರುತ್ತಾಳೆ, ಇದ್ದಾಳೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಬಾಯಿ ತೆರೆದರೆ "ಹೂಂ" ಎಂದೇ ಬರುತ್ತಿತ್ತು. ಅದಕ್ಕೇ ಬಾಯಿ ತೆರೆಯಲಿಲ್ಲ. ಅಡಿಗೆಮನೆಗೆ ಹೋಗಿ ಅನ್ನಕ್ಕಿಟ್ಟೆ. ಹೊರಗೆ ಆಟೋದವನು ಹಾರ್ನ್ ಹೊಡೆದ. ಭಾವ ಅವನಿಗೆ ಏನೋ ಹೇಳಿ ಸುಮ್ಮನಿರಿಸಿದರು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ನೆರಳು ಇಲ್ಲಿ ಉಳಿದರೆ ಆ ಮನೆಯ ಗೋಡೆ ಬರಿದಾಗಿರುತ್ತದೆ. ಅಕ್ಕ ಅಲ್ಲಿಂದ ಕೆಲಸಕ್ಕೆ ಹೊರಟಾಗ ಭಾವ ಪರದೆ ಎಳೆಯಲು ಹೋಗಿ, ಎಳೆಯುವುದಕ್ಕೇನೂ ಇಲ್ಲದೆ ನಿಲ್ಲುತ್ತಾರೆ. ಬರಿ ಗೋಡೆಯ ಮುಂದೆ ಕಾಯುವುದೆಂದರೇನು? ನನ್ನ ಶತ್ರುವಿಗೂ ಅದು ಬೇಡ. ಭಾವನನ್ನು ಶತ್ರು ಮಾಡಿಕೊಳ್ಳಲು ನಾನು ಎಷ್ಟೋ ಪ್ರಯತ್ನಪಟ್ಟಿದ್ದೆ, ಆದರೂ ಬೇಡ.

ಗಂಜಿ ಬಸಿದು ಬಂದು, ಅಷ್ಟೂ ಕುಚ್ಚಿನ ಪರದೆಯನ್ನು ನಾನೇ ಸರಿಸಿದೆ. "ತಗೊಂಡು ಹೋಗಕ್ಕ," ಎಂದೆ. ಅಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಇಂಥ ಹೊತ್ತಿನಲ್ಲಿ ಮನೆಯವರು ಮುಖ ತಿರುಗಿಸಬೇಕು. ನಾನು ತಿರುಗಿಸಿಕೊಂಡೆ. ಹಿಂದಿನಿಂದ ಅಕ್ಕನ ಕೈ ಬಂದು ನನ್ನ ಕಣ್ಣು ಮುಚ್ಚಿತು. ಈ ಸಲ ಕೈಯಲ್ಲಿ ಹಿಟ್ಟಿರಲಿಲ್ಲ, ಮದರಂಗಿಯ ವಾಸನೆಯಿತ್ತು. ಕೈ ತೆಗೆದ ಮೇಲೆ ಆಟೋ ಸ್ಟಾರ್ಟ್ ಆದ ಸದ್ದು ಕೇಳಿಸಿತು. ಗೋಡೆ ಬೆಳ್ಳಗಿತ್ತು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಎಷ್ಟೋ ದಿನ ಚಾಪೆಯಿಂದ ಏಳುವುದೇ ಆ ದಿನದ ಕೆಲಸವಾಗಿತ್ತು. ತಲೆ ಬಾಚಿದರೆ ಹಬ್ಬ. ಮೇಡಂಗೆ ಫೋನ್ ಮಾಡಿ ಅಳುತ್ತಿದ್ದೆ, ಅವರು "ಊಟ ಆಯ್ತಾ?" ಎಂದು ಶುರು ಮಾಡುತ್ತಿದ್ದರು. ಸೀರೆಗಳನ್ನು ಅಂಗಡಿಗೆ ಮುಟ್ಟಿಸುವುದನ್ನು ಮೊದಲೆಲ್ಲ ಅಕ್ಕ ಮಾಡುತ್ತಿದ್ದಳು, ಈಗ ನಾನೇ ಹೋಗಬೇಕಾಯಿತು. ಬಾಗಿಲು ದಾಟುವಾಗ ನನ್ನ ನೆರಳು ಕಾಲಿಗೆ ತೊಡರಿಕೊಂಡು ಹಿಂದೆಯೇ ಬಂತು. ಪೇಟೆಬೀದಿಯ ಉದ್ದಕ್ಕೂ ಜನ ಮುಖ ನೋಡಿ, ಕಾಲು ನೋಡಿ, ದನಿ ತಗ್ಗಿಸಿದರು. ಸೊಪ್ಪಿನ ಸಾಕಮ್ಮ ಮಾತ್ರ ಬುಟ್ಟಿ ಸರಿಸಿ ಜಾಗ ಮಾಡಿಕೊಟ್ಟಳು. "ಬಾ ಕುಂತ್ಕೊ. ಮೊದಮೊದ್ಲು ಕಾಲಿಗೆ ತೊಡರ್ತದೆ ಕಣವ್ವಾ, ಆಮೇಕೆ ಅದೇ ಅಭ್ಯಾಸ ಆಯ್ತದೆ." ನಾನು ಒಂದು ಕಟ್ಟು ದಂಟಿಗೆ ಜಗಳವಾಡಿ ಚೌಕಾಸಿ ಮಾಡಿದೆ. ಅವಳ ಮುಖ ಅರಳಿತು.

ಅಕ್ಕ ಭಾನುವಾರಗಳಂದು ಬರುತ್ತಿದ್ದಳು. ಹೆಚ್ಚುಕಡಿಮೆ ತಪ್ಪದೆ ಬರುತ್ತಿದ್ದಳು. ಒಂದು ಭಾನುವಾರ ಬರಲಿಲ್ಲ. ಬಸ್ಸು ಬಂತು, ಅಕ್ಕ ಇಳಿಯಲಿಲ್ಲ; ಮುಂದಿನ ಬಸ್ಸೂ ಬಂತು. ಫೋನು ಸ್ವಿಚ್ ಆಫ್. ಹಳೆಯದೆಲ್ಲ ಒಂದೇ ಸಲಕ್ಕೆ ಎದ್ದು ಬಂತು. ಸತ್ತಿದ್ದಾಳೆ. ಇಲ್ಲ, ನನ್ನನ್ನು ಮರೆತಿದ್ದಾಳೆ. ಇಲ್ಲ, ಭಾವನೇ ತಡೆದಿದ್ದಾನೆ, ಇಬ್ಬರೂ ಕೂತು ನನ್ನನ್ನು ನೋಡಿ ನಗುತ್ತಿದ್ದಾರೆ. ಓಡಿ ಹೋಗಿ ಪರದೆ ಸರಿಸಿದೆ. ಬಿಳಿ ಗೋಡೆ. ಹೌದಾ ಅಲ್ಲವಾ ಎಂದು ಹೇಳುವವರು ಯಾರೂ ಇರಲಿಲ್ಲ. ಹಾಗೆಯೇ ನಿಂತೆ. ಪರವೂರುಗಳಲ್ಲಿ ಜನ ದಿನಾ ಬದುಕುವುದು ಹೀಗೆ ತಾನೇ, ಇಂಥದೇ ಗೋಡೆಯ ಮುಂದೆ?

ಅನ್ನಕ್ಕಿಟ್ಟೆ. ಒಬ್ಬಳಿಗೆ ಎಷ್ಟು ಅಕ್ಕಿ ಎಂದು ಕೈಗೆ ಇನ್ನೂ ಅಂದಾಜು ಸಿಕ್ಕಿರಲಿಲ್ಲ, ಹೆಚ್ಚೇ ಆಯಿತು. ಅದು ಬೇಯುವಾಗ ನೀರು ಕಾಯಿಸಿ ತಲೆಗೆ ಸ್ನಾನ ಮಾಡಿದೆ. ಕೈಯ ಹಳೇ ಗುರುತುಗಳ ಮೇಲೆ ಕೊಬ್ಬರಿ ಎಣ್ಣೆ ಸವರಿದೆ, ಅಕ್ಕ ಸವರುತ್ತಿದ್ದ ಹಾಗೆ ಮೆಲ್ಲಗೆ. ದಂಟಿನ ಸಾರು ಮಾಡಿದೆ. ತಟ್ಟೆ ಹಾಕಿಕೊಂಡು ಅಳುತ್ತಲೇ ಉಂಡೆ, ಎರಡನೆಯ ಸಲ ಬಡಿಸಿಕೊಂಡೂ ಉಂಡೆ. ಆಮೇಲೆ ಮಲಗಿದೆ. ನಿದ್ದೆ ಯಾವಾಗ ಬಂತೋ ಗೊತ್ತಿಲ್ಲ, ಬಂತು.

ಮಾರನೆಯ ದಿನ ಅಂಗಡಿಗೆ ಸೀರೆ ಕೊಡುವುದಿತ್ತು. ಅಕ್ಕ ಯಾಕೆ ಬರಲಿಲ್ಲವೆಂದು ಇನ್ನೂ ತಿಳಿದಿರಲಿಲ್ಲ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿ ಮುಚ್ಚಿಟ್ಟೆ, ಮಧ್ಯಾಹ್ನ ಬಂದು ಉಣ್ಣಬಹುದೆಂದು. ಚೀಲ ಹೆಗಲಿಗೇರಿಸಿ, ಯಾವ ಯೋಚನೆಯಲ್ಲಿದ್ದೆನೋ, ಗೋಡೆಗೆ ಬೆನ್ನು ಕೊಟ್ಟು "ಬರ್ತೀನಿ" ಎಂದೆ. ಬೀಗ ಹಾಕಿಕೊಂಡು ಹೊರಟೆ.

ಪೇಟೆಯಲ್ಲಿ ಬಿಸಿಲು ನೆತ್ತಿಗೇರಿತ್ತು. ಸಾಕಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನ ಕಾಲನ್ನೇ ನೋಡಿದಳು. ಆಮೇಲೆ ಮುಖ ನೋಡಿದಳು, ಮತ್ತೆ ಕಾಲು ನೋಡಿದಳು. "ಅಕ್ಕ ಬಂದವ್ಳಾ ಮನೇಗೆ?"

"ಇಲ್ಲ ಸಾಕಮ್ಮ. ನಿನ್ನೇನೂ ಬರ್ಲಿಲ್ಲ."

"ಮತ್ತೆ ಯಾರವ್ರೇ?"

ನಾನು ಕೆಳಗೆ ನೋಡಿದೆ. ಮಣ್ಣಿನ ಮೇಲೆ ನನ್ನ ಎರಡು ಪಾದಗಳಿದ್ದವು, ಬೇರೇನೂ ಇರಲಿಲ್ಲ. ಸಾಕಮ್ಮನ ನೆರಳು ಬುಟ್ಟಿಯ ಪಕ್ಕ ಒಂದೇ ಕೂತಿತ್ತು. ಸಾಯಂಕಾಲ ಮನೆಗೆ ಊಟಕ್ಕೆ ಬಾ ಎಂದು ಅವಳನ್ನು ಕರೆದೆ, ಸೀರೆಗಳನ್ನು ಅಂಗಡಿಗೆ ಮುಟ್ಟಿಸಿ, ಎಲ್ಲೂ ನಿಲ್ಲದೆ ಬಿರಬಿರನೆ ಮನೆಯ ಕಡೆ ಹೊರಟೆ. ಕಾಯುತ್ತಿರುವವರನ್ನು, ಅದು ನಾನೇ ಆಗಿದ್ದರೂ, ಹೆಚ್ಚು ಹೊತ್ತು ಕಾಯಿಸಬಾರದು. ಅದರ ಕಷ್ಟ ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?